ನಾಲಿಗೆಯಿಲ್ಲದ ಬೂದಿ

ನೀರಿನ ಗ್ಯಾಂಗಿನ ಮೇಸ್ತ್ರಿಯಾದ ಹುಲಿಗೆವ್ವನಿಗೆ ಶಾಲು ಹೊದಿಸಿದ ದಿನ ಅವಳಿಗೆ ನಗು ತಡೆಯಲಾಗಲಿಲ್ಲ. ಅಲ್ಲ, ನೀವೇ ಹೇಳಿ. ಇಪ್ಪತ್ತು ವರ್ಷ ಬೂದಿಗೆ ನೀರು ಹೊಡೆದವಳನ್ನು ಒಂದು ದಿನವೂ ಹೆಸರು ಹಿಡಿದು ಕರೆಯದ ಜನ, ಈಗ ಮೈಕು ಹಿಡಿದು "ಶ್ರೀಮತಿ ಹುಲಿಗೆಮ್ಮನವರು" ಅಂದರೆ ಯಾರಿಗೆ ನಗು ಬರುವುದಿಲ್ಲ? ಎಂಟು ತಿಂಗಳ ಕೆಲಸವನ್ನು ಅವಳ ಗ್ಯಾಂಗು ಮೂರೂವರೆ ತಿಂಗಳಲ್ಲಿ ಮುಗಿಸಿತ್ತು. ಅದಕ್ಕೇ ಶಾಲು. ಶಾಲಿನ ಜೊತೆಗೆ ಹೊಸದಿನ್ನಿಯ ಮೊದಲನೇ ನಂಬರಿನ ಮನೆಯೂ ಅವಳಿಗೇ ಎಂದು ಚೀಫ್ ಇಂಜಿನಿಯರ್ ಬಿರಾದಾರ ಸಾಹೇಬರು ಅಲ್ಲೇ ಘೋಷಿಸಿಬಿಟ್ಟರು. ಹನ್ನೆರಡು ಹೆಂಗಸರ ಗ್ಯಾಂಗು ಕೇಕೆ ಹಾಕಿತು.

ಹೊಸದಿನ್ನಿ ಎಂದರೆ ಬೂದಿಯ ಮೇಲೆ ಏಳುತ್ತಿದ್ದ ಊರು. ಕಲ್ಲಿದ್ದಲು ಸುಡುವುದು ನಿಂತು ನಲವತ್ತು ವರ್ಷ ಆಗಿತ್ತು. ದೊಡ್ಡ ಚಿಮಣಿಗಳನ್ನು ಬೀಳಿಸಿ ಗುಜರಿಗೆ ಹಾಕಿದ್ದರು. ಆದರೆ ಅವು ಉಗುಳಿದ ಬೂದಿ ಎಲ್ಲಿಗೆ ಹೋದೀತು? ಹೊಳೆಯ ದಂಡೆಗೆ ಗುಡ್ಡವಾಗಿ ಬಿದ್ದಿತ್ತು. ಗಾಳಿ ಎದ್ದ ದಿನ ಪಕ್ಕದ ತೊಂಡಿಹಾಳದ ಜನರ ರೊಟ್ಟಿಯಲ್ಲೂ ಬೂದಿ, ಕಣ್ಣಲ್ಲೂ ಬೂದಿ. ಆಮೇಲೆ ಹೊಳೆಗೆ ಹೊಸ ಬ್ಯಾರೇಜು ಬಂತು. ಅದರ ಗೇಟು ಇಳಿಸಿದರೆ ತೊಂಡಿಹಾಳ ನೀರಿನಡಿ ಹೋಗುವುದು ಖಚಿತ. ಆಗ ಸರ್ಕಾರಕ್ಕೆ ಬುದ್ಧಿ ಹೊಳೆಯಿತು: ಬೂದಿಗುಡ್ಡವನ್ನೇ ಕಡಿದು, ತಗ್ಗಿನ ಜಾಗಕ್ಕೆ ತುಂಬಿ, ನೆಲವನ್ನು ನಾಲ್ಕಾಳೆತ್ತರ ಏರಿಸಿ, ಅದರ ಮೇಲೆ ಊರನ್ನು ಕೂರಿಸುವುದು.

ಕೆಲಸ ಕೇಳುವುದಕ್ಕೆ ಸುಲಭ. ಒಂದೂವರೆ ಗೇಣು ಬೂದಿ ಹರವು, ಹದ ನೋಡಿ ನೀರು ಹೊಡಿ, ಮೇಲೆ ರೋಲರ್ ಓಡಿಸು. ಅದು ಗಟ್ಟಿಯಾಗಿ ಕೂತ ಮೇಲೆ ಇನ್ನೊಂದು ಪದರ. ನೀರು ಕಮ್ಮಿಯಾದರೆ ಬೂದಿ ಪುಡಿಪುಡಿಯಾಗಿ ಉಳಿಯುತ್ತದೆ, ಹೆಚ್ಚಾದರೆ ರಾಡಿಯಾಗುತ್ತದೆ. ಜೋಳದ ಹಿಟ್ಟು ನಾದಿ ರೊಟ್ಟಿ ಬಡಿದವರಿಗೆ ಈ ಹದವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಿಂದಿನ ಕಾಲದಲ್ಲಿ ಪ್ರತಿ ಪದರಕ್ಕೂ ಲ್ಯಾಬಿನವರು ಬಂದು, ತೂತು ಕೊರೆದು, ತೂಕ ಮಾಡಿ, ಪಾಸೋ ಫೇಲೋ ಹೇಳುತ್ತಿದ್ದರು. ಈಗ ಆ ರಗಳೆ ಇರಲಿಲ್ಲ. ಈಗ ಬೂದಿಯೇ ಮಾತಾಡುತ್ತಿತ್ತು. ಪ್ರಾಣೇಶ ಎಂಬ ಇಂಜಿನಿಯರ್ ರಾಗಿಗಿಂತ ಸಣ್ಣದಾದ ಒಂದು ಕಾಳು ಕಂಡುಹಿಡಿದಿದ್ದ. ಒಂದು ಲಾರಿ ಬೂದಿಗೆ ಒಂದು ಚೀಲ ಕಾಳು ಬೆರೆಸಿದರೆ ಸಾಕು. ಒಂದು ಕಾಳಿನಿಂದ ಇನ್ನೊಂದಕ್ಕೆ ಸಣ್ಣಗೆ ಕರೆಂಟು ಹರಿಯುತ್ತದೆ. ನೀರು ಹದವಾಗಿದ್ದು ಬೂದಿ ಒತ್ತೊತ್ತಾಗಿ ಕೂತಷ್ಟೂ ಆ ಕರೆಂಟು ಸಲೀಸಾಗಿ ದಾಟುತ್ತದೆ. ಸಾಕಷ್ಟು ದಾಟಿತು ಎಂದರೆ ಕಂಟ್ರೋಲ್ ರೂಮಿನ ಗೋಡೆಯಷ್ಟಗಲದ ಪರದೆಯ ಮೇಲೆ ಆ ಜಾಗ ಹಸಿರಾಗುತ್ತದೆ. ಹಸಿರು ಬಿದ್ದೊಡನೆ ನೀರಿನ ನಳ ತಾನೇ ನಿಲ್ಲುತ್ತದೆ, ರೋಲರೂ ತಾನೇ ನಿಲ್ಲುತ್ತದೆ. ಸರ್ಕಾರ ಅದಕ್ಕೆ 'ನೆಲವಾಣಿ' ಎಂದು ಹೆಸರಿಟ್ಟಿತ್ತು. ಗ್ಯಾಂಗಿನ ಹೆಂಗಸರು ಮಾತ್ರ ಅದನ್ನು ಚಾಡಿಕಾಳು ಎನ್ನುತ್ತಿದ್ದರು. ಎಲ್ಲಿ ಯಾರು ಮೈಗಳ್ಳತನ ಮಾಡಿದರೂ ಆಫೀಸಿಗೆ ಹೋಗಿ ಚಾಡಿ ಹೇಳುತ್ತದಲ್ಲ, ಅದಕ್ಕೆ. ಕಾನೂನೂ ಕಾಳಿನ ಕಡೆಗೇ ಇತ್ತು. ಹಸಿರು ಬಿದ್ದ ನೆಲವನ್ನು ಯಾರಾದರೂ ಅಗೆದರೆ ಅದು ಅಪರಾಧ, ಸೀದಾ ಜೈಲು.

ಶಾಲಿನ ದಿನ ನಗದೇ ಇದ್ದವನು ಒಬ್ಬನೇ, ರೋಲರ್ ಓಡಿಸುವ ಖಾಸಿಂಸಾಬ. ಅರವತ್ತು ದಾಟಿದವ. ಅವನು ಗಡ್ಡ ಕೆರೆಯುತ್ತಾ, "ಹುಲಿಗೆವ್ವ, ಒಂದ್ ಮಾತು ಕೇಳ್ಲೇನಬೇ?" ಎಂದ.

"ಕೇಳು ಮಾಮ."

"ಮದಲ ಎಂಟ್ ಸುತ್ತಿಗೆ ಹಸಿರು ಬೀಳ್ತಿತ್ತು. ಈಗ ಮೂರಕ್ಕ ಬೀಳ್ತದ. ನನ್ನ ರೋಲರ್ ಏನು ದಪ್ಪ ಆಗೇತೇನು?"

"ನೀನು ದಪ್ಪ ಆಗೀದಿ ನೋಡು," ಎಂದು ಹುಲಿಗೆವ್ವ ನಕ್ಕಳು. ಮಾತು ಅಲ್ಲಿಗೇ ಹಾರಿಹೋಯಿತು.

*

ನಗುವ ಮಾತೇ ಆಗಿರಲಿಲ್ಲ ಅದು. ಯಾಕೆಂದು ತಿಳಿಯಬೇಕಾದರೆ ತಗಡಿನ ಶೆಡ್ಡಿನ ಕಾಲೊನಿಗೆ ಬರಬೇಕು.

ತೊಂಡಿಹಾಳವನ್ನು ಖಾಲಿ ಮಾಡಿಸಿ ಜನರನ್ನು ಈ ಶೆಡ್ಡುಗಳಲ್ಲಿ ಇಟ್ಟು ಎರಡು ವರ್ಷವಾಗಿತ್ತು. ಊರಲ್ಲಿ ಮನೆ ಬಾಗಿಲಿಗೆ ಹೊಳೆ. ಇಲ್ಲಿ ಒಂದೇ ಒಂದು ಬೋರು, ಅದರಲ್ಲಿ ಬರುವುದು ಸವಳು ನೀರು. ಬಾಯಿಗಿಟ್ಟರೆ ಉಪ್ಪೊಗರು. ಸೋಪು ಹಚ್ಚಿದರೆ ನೊರೆ ಇಲ್ಲ, ತೊಗರಿಬೇಳೆ ಇಟ್ಟರೆ ಮಧ್ಯಾಹ್ನದವರೆಗೆ ಕುದಿಸಿದರೂ ಕಲ್ಲು. ಕುಡಿಯುವ ನೀರು ಕೊಡಿ ಎಂದು ಆಫೀಸಿಗೆ ಹನ್ನೊಂದು ಅರ್ಜಿ ಹೋಗಿದ್ದವು. ಹನ್ನೊಂದಕ್ಕೂ 'ಪರಿಶೀಲನೆಯಲ್ಲಿದೆ' ಎಂಬ ಒಂದೇ ಉತ್ತರ. ಆದರೆ ಬೂದಿಗೆ? ಬೂದಿಗೆ ನೀರು ಹೊಡೆಯುವ ಟ್ಯಾಂಕರಿಗೆ ಹೊಳೆಯಿಂದಲೇ ಪೈಪು ಹಾಕಿದ್ದರು! ಸ್ಫಟಿಕದಂಥ ಸಿಹಿನೀರು ದಿನಾ ಬೂದಿಯ ಮೇಲೆ ಮಳೆಯಾಗಿ ಸುರಿಯುತ್ತಿತ್ತು.

ಹುಲಿಗೆವ್ವನ ಮಗಳು ಲಚುಮವ್ವ ಬಾಣಂತನಕ್ಕೆ ಬಂದಿದ್ದಳು. ಹಸುಗೂಸಿಗೆ ಆ ಸವಳು ನೀರೆರೆದು ಎರೆದು ಮೈತುಂಬ ಗುಳ್ಳೆ. ಕೂಸು ಅತ್ತು ಅತ್ತು ನೀಲಿಗಟ್ಟುತ್ತಿತ್ತು. ಬಾಣಂತಿಗೆ ಬೇಳೆ ಬೇಯಿಸಿ ಹಾಕೋಣವೆಂದರೆ ಬೇಳೆ ಬೇಯುವುದಿಲ್ಲ. ಒಂದು ದಿನ ಹುಲಿಗೆವ್ವ ಆ ಬೇಯದ ಬೇಳೆಯ ಪಾತ್ರೆಯನ್ನು ಒಲೆಯಿಂದ ಇಳಿಸಿ ಅಂಗಳಕ್ಕೆ ಒಗೆದಳು.

"ಕೂಸಿಗೆ ಸವಳು, ಬೂದಿಗೆ ಸೀನೀರು! ಯಾವ ಪುಣ್ಯಾತ್ಮ ಹಾಕಿದ ಕಟ್ಟಳಿಬೇ ಇದು?" ಎಂದು ಚೀರಿದಳು. "ಬೂದಿಗೇನು ಹಲ್ಲು ಬರೋದದನು? ನಾಳಿಂದ ಅದಲಾ ಬದಲಿ. ಹೊಳಿ ನೀರು ಕಾಲೊನಿಗೆ, ಬೋರಿನ ನೀರು ಬೂದಿಗೆ!"

ಹನ್ನೆರಡೂ ಹೆಂಗಸರು ಹೂಂ ಎಂದರು. ನೀರಿನ ಟ್ಯಾಂಕರು ಬೆಳಗ್ಗೆ ಹೊಳೆಯ ಪೈಪಿಗೆ ಬಾಯಿ ಹಚ್ಚಿ ತುಂಬಿಕೊಳ್ಳುತ್ತದೆ, ಬೂದಿಗೆ ಹೋಗುವ ದಾರಿಯಲ್ಲಿ ಕಾಲೊನಿಯ ಕೊಡಗಳಿಗೆ ಖಾಲಿಯಾಗುತ್ತದೆ, ಬೋರಿನಲ್ಲಿ ಮತ್ತೆ ತುಂಬಿಕೊಂಡು ಕೆಲಸಕ್ಕೆ ಬರುತ್ತದೆ. ಆಫೀಸಿನ ಮೀಟರು ಎಷ್ಟು ಲೀಟರೆಂದು ನೋಡುತ್ತಿತ್ತೇ ಹೊರತು ಯಾವ ನೀರೆಂದು ಕೇಳುತ್ತಿರಲಿಲ್ಲ. ಇದರಲ್ಲಿ ಕಳ್ಳತನ ಇದೆ ಎಂದು ಅವರಾರಿಗೂ ಅನಿಸಲಿಲ್ಲ. ತೊಂಡಿಹಾಳದ ಹೆಂಗಸು ಹುಟ್ಟಿದಾಗಿನಿಂದ ಮಾಡುವುದೇ ಅದು: ಸಿಹಿನೀರು ಬಾಯಿಗೆ, ಸವಳು ನೀರು ನೆಲಕ್ಕೆ. ಸಿಹಿನೀರಿನಲ್ಲಿ ಅಂಗಳ ಸಾರಿಸಿದ ಸೊಸೆಯನ್ನು ಅತ್ತೆ ಸುಮ್ಮನೆ ಬಿಟ್ಟ ಮನೆ ಆ ಊರಲ್ಲಿ ಒಂದೂ ಇಲ್ಲ.

ವಾರದಲ್ಲಿ ಕೂಸಿನ ಮೈ ತಿಳಿಯಾಯಿತು. ಬೇಳೆ ಬೆಣ್ಣೆಯ ಹಾಗೆ ಬೆಂದಿತು. ಮತ್ತೆ ಅದೇ ವಾರದಿಂದ ಬೂದಿ ಮೂರೇ ಸುತ್ತಿಗೆ ಹಸಿರಾಗತೊಡಗಿತು.

*

ಮನೆ ಹಸ್ತಾಂತರಕ್ಕೆ ಹತ್ತು ದಿನ ಇತ್ತು. ಅಷ್ಟರಲ್ಲಿ ಯಂತ್ರದ ಕೈ ನಲವತ್ತು ಮನೆಗಳ ಗೋಡೆಯನ್ನು ಶಾವಿಗೆ ಒತ್ತಿದಂತೆ ಒತ್ತಿ ಮುಗಿಸಿತ್ತು. ಇನ್ನೂ ಐದುನೂರರ ಮೇಲೆ ಬಾಕಿ. ಸಮಾರಂಭಕ್ಕೆ ಪೆಂಡಾಲು ಹಾಕಬೇಕೆಂದು ಹುಲಿಗೆವ್ವ ಗೂಟದ ಕುಣಿ ತೋಡಲು ಹಾರೆ ಹಿಡಿದು ನಿಂತಳು. ಜಾಗ ಅಂಚಿನದು. ಬೂದಿಯ ಮೇಲೆ ಹೊದಿಸುವ ಗರಸು ಮಣ್ಣು ಅಲ್ಲಿಗಿನ್ನೂ ಬಿದ್ದಿರಲಿಲ್ಲ, ಅಗೆಯಬಾರದ ಗಡಿಯೊಳಗೆ ಒಂದು ಮಾರು ಬಂದಿದ್ದೇನೆ ಎಂಬ ಖಬರು ಅವಳಿಗೂ ಇರಲಿಲ್ಲ. ಹಾರೆಯನ್ನು ಎತ್ತಿ ಬಿಟ್ಟಳು.

ಠಣ್ ಎನ್ನಬೇಕಿತ್ತು. ಎನ್ನಲಿಲ್ಲ. ಹಾರೆ ತನ್ನ ಭಾರಕ್ಕೇ ಮೊಳಕಾಲುದ್ದ ಒಳಗಿಳಿಯಿತು, ಹಿಟ್ಟಿನ ಡಬ್ಬಿಯಲ್ಲಿ ಚಮಚ ಇಳಿದ ಹಾಗೆ.

ಅವಳು ಹಾರೆ ಕಿತ್ತು ಇನ್ನೊಂದು ಕಡೆ ಬಿಟ್ಟಳು. ಅಲ್ಲೂ ಅದೇ. ಕುಡಿಯಲು ತಂದಿದ್ದ ನೀರನ್ನು ಆ ತೂತಿಗೆ ಸುರಿದಳು. ನೀರು ಗುಟುಕ್ ಎಂದು ಇಳಿಯಿತು, ಸುತ್ತಲಿನ ಬೂದಿ ಬುಟ್ಟಿಯಗಲ ಕುಸಿದು ಕೂತಿತು. ಖಾಸಿಂಸಾಬನ ಮಾತು ಆಗ ಕಿವಿಯಲ್ಲಿ ಬಂದು ನಿಂತಿತು. ಎಂಟು ಸುತ್ತು, ಮೂರು ಸುತ್ತು.

"ಯವ್ವಾ, ಏನ್ ಮಾಡಿಟ್ವಿ ನಾವು," ಎಂದು ಅವಳು ಅಲ್ಲೇ ಕುಕ್ಕರಿಸಿದಳು. ಆಮೇಲೆ ಎದ್ದು, ಕುಸಿದ ಬೂದಿಯ ಒಂದು ಬೊಗಸೆಯನ್ನು ಶಾಲಿನ ತುದಿಗೆ ಕಟ್ಟಿಕೊಂಡು ಕಂಟ್ರೋಲ್ ರೂಮಿಗೆ ನಡೆದಳು. ಆ ಶಾಲು ಉಪಯೋಗಕ್ಕೆ ಬಂದದ್ದು ಅದೇ ಮೊದಲು.

ಪ್ರಾಣೇಶ ಪರದೆಯ ಮುಂದೆ ಕೂತು ಮಂಡಾಳು ಒಗ್ಗರಣೆ ತಿನ್ನುತ್ತಿದ್ದ. ಪರದೆಯ ತುಂಬ ಹಸಿರು. ಹುಲಿಗೆವ್ವ ನಡೆದದ್ದನ್ನು ಒಂದೂ ಬಿಡದೆ ಹೇಳಿದಳು. ಹೇಳುತ್ತಾ ಹೋದಂತೆ ಅವನ ಕೈ ತಟ್ಟೆಯಲ್ಲೇ ನಿಂತಿತು.

"ಹುಲಿಗೆಮ್ಮ, ನನ್ನ ಕಾಳು ತಪ್ಪಂಗಿಲ್ಲ. ಮೂರು ವರ್ಷ ಪರೀಕ್ಷಾ ಮಾಡೀನಿ."

"ಇನ್ನೊಂದು ತಾಸು ಮಾಡ್ರಿ. ಏನು ಹೋಗ್ತದ?"

ಅವನು ಎರಡು ಗಾಜಿನ ಲೋಟಕ್ಕೆ ಕಾಳು ಬೆರೆಸಿದ ಬೂದಿ ಹಾಕಿ, ಎರಡಕ್ಕೂ ಮೀಟರಿನ ತಂತಿ ಇಳಿಬಿಟ್ಟ. ಒಂದಕ್ಕೆ ಹೊಳೆಯ ನೀರು, ಇನ್ನೊಂದಕ್ಕೆ ಬೋರಿನದು, ಅದೂ ಅರ್ಧವೇ. ಹೊಳೆಯ ನೀರಿನ ಲೋಟವನ್ನು ಒತ್ತಿದ, ಗುದ್ದಿದ, ಮತ್ತೆ ಒತ್ತಿದ. ಬಹಳ ಹೊತ್ತಿಗೆ ಹಸಿರು ಬಂತು. ಬೋರಿನ ನೀರಿನ ಲೋಟ, ಅವನು ಬೆರಳು ಇಡುವ ಮೊದಲೇ ಹಸಿರಾಗಿ ಕೂತಿತು. ಬೂದಿ ಸಡಿಲ ಹಿಟ್ಟಿನಂತೆ ಇತ್ತು, ಮೀಟರು ಮಾತ್ರ ಬಂಡೆಗಲ್ಲು ಎನ್ನುತ್ತಿತ್ತು.

"ಉಪ್ಪು," ಎಂದು ಪ್ರಾಣೇಶ ಹಣೆ ಚಚ್ಚಿಕೊಂಡ. "ಉಪ್ಪಿನ ನೀರಿನ್ಯಾಗ ಕರೆಂಟು ಓಡಿ ದಾಟ್ತದ. ಬೂದಿ ಗಟ್ಟಿ ಕೂತಿರಬೇಕಂತೇನೂ ಇಲ್ಲ. ನಾನು ಬಟ್ಟಿ ಇಳಿಸಿದ ನೀರಿನ್ಯಾಗ ನೋಡಿದ್ದೆ, ಹೊಳಿ ನೀರಿನ್ಯಾಗ ನೋಡಿದ್ದೆ. ಸವಳು ನೀರಿನ್ಯಾಗ ನೋಡ್ಲಿಲ್ಲ. ಯಾಕ ನೀರು ಬದಲಿ ಮಾಡಿದ್ರಿ ಹುಲಿಗೆಮ್ಮ?"

"ಬ್ಯಾಳಿ ಬೇಯಲಿಲ್ರಿ," ಎಂದಳು ಅವಳು.

ಆಫೀಸಿಗೆ ಬರುವ ಸಿಹಿನೀರಿನ ಕ್ಯಾನು ಅವನ ಮೇಜಿನ ಪಕ್ಕದಲ್ಲೇ ಇತ್ತು. ಅದನ್ನು ನೋಡಿದ, ನೆಲ ನೋಡಿದ.

"ಎಷ್ಟನೇ ಪದರದಿಂದ?"

"ಹನ್ನೊಂದರಿಂದ. ಅದರ ಕೆಳಗಿಂದು ಗಟ್ಟಿ ಅದ. ಮ್ಯಾಲಿನ ಹನ್ನೊಂದೂ ಪೊಳ್ಳು. ಮಳಿ ನೀರು, ಬಚ್ಚಲ ನೀರು ಇಳೀಲಿ, ಐದುನೂರು ಮನಿ ಮಂದಿ ಸಮೇತ ಕುಸೀತಾವ. ಅಗದು ಮತ್ತ ಹಾಕಬೇಕ್ರಿ."

ಇಬ್ಬರೂ ಬಿರಾದಾರ ಸಾಹೇಬರ ಬಳಿ ಹೋದರು. ಸಾಹೇಬರು ಕೆಟ್ಟವರಲ್ಲ, ಆದರೆ ಬ್ಯಾರೇಜಿನ ಗೇಟಿನ ತಾರೀಖು ಅವರ ಎದೆಯ ಮೇಲೆ ಕೂತಿತ್ತು. ಲೋಟಗಳನ್ನು ನೋಡಿದರು. ಪ್ರಾಣೇಶ ಹೇಳಿದ್ದನ್ನು ಕೇಳಿದರು. ಎದ್ದು ಬಾಗಿಲು ಹಾಕಿದರು.

"ಲೋಟದ ಬೂದಿ ಬ್ಯಾರೆ, ನೆಲದ ಬೂದಿ ಬ್ಯಾರೆ. ನೆಲವಾಣಿ ಹಸಿರು ಅಂದದ. ಕಾನೂನಿನ ಪ್ರಕಾರ ಹಸಿರು ಅಂದ್ರ ಗಟ್ಟಿ. ಅದನ್ನ ಅಗೀಲಿಕ್ಕೆ ನನಗೂ ಅಧಿಕಾರ ಇಲ್ಲ," ಎಂದರು. ಆಮೇಲೆ ಹುಲಿಗೆವ್ವನ ಕಡೆ ತಿರುಗಿ ದನಿ ತಗ್ಗಿಸಿದರು. "ನೀರು ಬದಲಿ ಮಾಡಿದ್ದು ನೀನು. ಹೊರಗ ಬಂದ್ರ ಮದಲ ಜೈಲು ನಿನಗ. ಮನಿನೂ ಹೋಗ್ತದ. ಸುಮ್ನ ಕೀಲಿ ತೊಗೊಂಡು ಹೋಗವ್ವ. ಅಷ್ಟು ಸುಲಭಕ್ಕ ಏನೂ ಕುಸಿಯಂಗಿಲ್ಲ."

"ಕುಸಿದ್ರ?"

"ಕುಸಿದಾಗ ನೋಡಿಕೊಳ್ಳೋಣು."

ಹುಲಿಗೆವ್ವ ಶಾಲಿನ ಗಂಟು ಬಿಚ್ಚಿ ಬೂದಿಯನ್ನು ಅವರ ಮೇಜಿನ ಗಾಜಿನ ಮೇಲೆ ಸುರಿದು ಹೊರಗೆ ಬಂದಳು.

*

ಮನೆಯ ಜಗಳ ಆಫೀಸಿನದಕ್ಕಿಂತ ಕಠಿಣವಾಗಿತ್ತು. ಸಂಜೆ ಹನ್ನೆರಡೂ ಹೆಂಗಸರನ್ನು, ಖಾಸಿಂಸಾಬನನ್ನು ಶೆಡ್ಡಿನ ಮುಂದೆ ಕೂರಿಸಿ ಅವಳು ವಿಷಯ ಹೇಳಿದಳು. ಎಲ್ಲರೂ ಒಮ್ಮೆಲೇ ಬಾಯಿ ಮಾಡಿದರು. ಇನ್ನೊಂದು ಮಳೆಗಾಲ ಈ ತಗಡಿನೊಳಗೆ? ಬೇಸಿಗೆಯಲ್ಲಿ ಬೇಯುತ್ತೇವೆ, ಮಳೆಯಲ್ಲಿ ನೆನೆಯುತ್ತೇವೆ, ಹೊಸಮನೆ ಕಣ್ಣ ಮುಂದೆ ನಿಂತಿದೆ, ಈಗ ನಾವೇ ಕಲ್ಲು ಹಾಕಿಕೊಳ್ಳಬೇಕೇ?

ಲಚುಮವ್ವನೇ ಎಲ್ಲರಿಗಿಂತ ಮುಂದೆ. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, "ಯವ್ವ, ನಿನಗ ಹುಚ್ಚು ಹಿಡದದನು? ಮದಲನೇ ನಂಬರಿನ ಮನಿ ನಿಂದು. ಕೂಸಿಗೆ ತೊಟ್ಟಿಲ ಎಲ್ಲಿ ಕಟ್ಟಬೇಕಂತ ನಾನು ನೋಡಿಟ್ಟೀನಿ. ದೊಡ್ಡ ಸಾಹೇಬ್ರೇ ಏನೂ ಆಗಂಗಿಲ್ಲ ಅಂದ ಮ್ಯಾಲ ನಿಂದೇನು ನಡುವ?" ಎಂದಳು.

"ತೊಟ್ಟಿಲ ಕಟ್ಟೋ ಗ್ವಾಡಿ ಬೀಳ್ತದಲೇ!" ಎಂದು ಹುಲಿಗೆವ್ವ ಅಬ್ಬರಿಸಿದಳು. "ಈ ಕೂಸಿನ ಸಲುವಾಗಿ ನಾನು ನೀರು ಬದಲಿ ಮಾಡ್ದೆ. ಅದಕ್ಕ ನಾಚಿಕಿ ಇಲ್ಲ ನನಗ, ನಾಳೆ ಮತ್ತ ಮಾಡು ಅಂದ್ರೂ ಮಾಡ್ತೀನಿ. ಆದ್ರ ಅದೇ ಕೂಸಿನ ಮ್ಯಾಲ ಗ್ವಾಡಿ ಬೀಳೂದು ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಕುಂಡ್ರು ಅಂದ್ರ, ಅದು ನನ್ನ ಕೈಲೆ ಆಗಂಗಿಲ್ಲ."

ಲಚುಮವ್ವ ಮುಖ ತಿರುಗಿಸಿದಳು. ಕಣ್ಣಲ್ಲಿ ನೀರು.

ಖಾಸಿಂಸಾಬ ಬೀಡಿ ಆರಿಸಿ, "ಅಗದು ತೋರ್ಸೋಣಂದ್ರ ಅಗಿಯಾಂಗಿಲ್ಲ, ಜೈಲು. ಹೆಂಗ ತೋರಿಸ್ತಿ?" ಎಂದ.

ಹುಲಿಗೆವ್ವ ಮೂಲೆಯ ಕೊಡಗಳ ಸಾಲಿನ ಕಡೆ ನೋಡಿದಳು.

"ಮಾಮ, ಅಗಿಯೂದು ಗುನ್ನೆ ಅಂತ ಬರದಾರ. ಮನಿ ಒಳಗ ನೀರು ತುಂಬಿಕೊಂಡು ಹೋಗೂದು ಗುನ್ನೆ ಅಂತ ಎಲ್ಲೆರೆ ಬರದಾರನು?"

*

ಹಸ್ತಾಂತರದ ದಿನ ಬೆಳಗ್ಗೆ ಹತ್ತಕ್ಕೆ ಪೆಂಡಾಲು ತುಂಬಿತ್ತು. ವೇದಿಕೆಯ ಪಕ್ಕದಲ್ಲಿ ದೊಡ್ಡ ಪರದೆ, ಅದರ ಮೇಲೆ ನೆಲವಾಣಿಯ ಹಸಿರು. ಅದರ ಎದುರಿಗೆ ಒಂದನೇ ನಂಬರಿನ ಮನೆ, ಬಾಗಿಲಿಗೆ ತೋರಣ. ಬಿರಾದಾರ ಸಾಹೇಬರು ಕೀಲಿಯನ್ನು ಹುಲಿಗೆವ್ವನ ಕೈಗೆ ಕೊಟ್ಟರು. ಫೋಟೋ ಹೊಡೆದರು. ಅವಳು ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿ, "ಸಾಹೇಬ್ರ, ಈಗ ಮನಿ ನಂದು ಹೌದಲ್ರಿ?" ಎಂದು ಮೈಕಿನಲ್ಲೇ ಕೇಳಿದಳು.

"ನಿಮ್ಮದೇ, ನಿಮ್ಮದೇ!" ಎಂದು ಸಾಹೇಬರು ನಕ್ಕರು. ಜನ ಚಪ್ಪಾಳೆ ತಟ್ಟಿದರು.

ಆಗ ಪೆಂಡಾಲಿನ ಹಿಂದಿನಿಂದ ನೀರಿನ ಗ್ಯಾಂಗಿನ ಹೆಂಗಸರು ಬಂದರು. ಎಲ್ಲರ ತಲೆಯ ಮೇಲೂ ತುಂಬಿದ ಕೊಡ, ಕೊಡಕ್ಕೆ ಅರಿಶಿನ ಕುಂಕುಮ. ಹೊಸಮನೆಗೆ ಮುತ್ತೈದೆಯರು ತುಂಬಿದ ಕೊಡ ತರುವುದು ಯಾರಿಗೆ ಹೊಸದು? ಬ್ಯಾಂಡಿನವರು ತಾವಾಗಿಯೇ ಜೋರು ಬಾರಿಸಿದರು. ಪೊಲೀಸರು ದಾರಿ ಬಿಟ್ಟರು. ಒಬ್ಬ ಪೇದೆಯಂತೂ ಕೈ ಮುಗಿದ.

ಹೆಂಗಸರು ಸಾಲಾಗಿ ಒಳಗೆ ಹೋದರು. ಮುಂಬಾಗಿಲಿನಿಂದ ಬಚ್ಚಲು ನೇರಕ್ಕೆ ಕಾಣುತ್ತಿತ್ತು. ಬಚ್ಚಲ ನೀರು ಹೋಗುವ ಪೈಪಿಗೆ ಹೊರಗಿನ ಗಟಾರ ಇನ್ನೂ ಜೋಡಿಸಿರಲಿಲ್ಲ. ಅದು ನೇರ ಮನೆಯಡಿಯ ಬೂದಿಗೆ ಬಾಯಿ ತೆರೆದುಕೊಂಡಿತ್ತು. ಮೊದಲ ಕೊಡ ಅಲ್ಲಿ ಬಗ್ಗಿತು. ಎರಡನೆಯದು. ಮೂರನೆಯದು. ಹನ್ನೆರಡೂ ಮುಗಿದವು. ಹೆಂಗಸರು ಖಾಲಿ ಕೊಡ ಹಿಡಿದು ಹೊರಗೆ ಬಂದರು. ಬ್ಯಾಂಡು ಸುಮ್ಮನಾಯಿತು.

ಏನೂ ಆಗಲಿಲ್ಲ.

ಬಿರಾದಾರ ಸಾಹೇಬರು ಮುಖ ಒರೆಸಿಕೊಂಡು, "ಆಯ್ತೇನವ್ವ ನಿನ್ನ ಪೂಜಿ?" ಎಂದರು.

"ಇನ್ನೂ ಸ್ನಾನ ಆಗಿಲ್ರಿ," ಎಂದಳು ಹುಲಿಗೆವ್ವ. "ಮನ್ಯಾಗ ಆರು ಮಂದಿ ಇರೋರು. ಮೂರು ತಿಂಗಳ ಸ್ನಾನದ ನೀರು ಇವತ್ತೇ ಹಾಕ್ತೀನಿ. ಮಾಮಾ!"

ಖಾಸಿಂಸಾಬ ಅಂದು ರೋಲರಿನಲ್ಲಿರಲಿಲ್ಲ. ಹೊಳೆಯ ಸಿಹಿನೀರು ತುಂಬಿದ ಟ್ಯಾಂಕರನ್ನು ಮನೆಯ ಹಿತ್ತಲಿಗೆ ತಂದು ನಿಲ್ಲಿಸಿದ್ದ. ಪೈಪು ಬಚ್ಚಲ ಕಿಟಕಿಯಿಂದ ಒಳಗೆ ಬಂತು. ಹುಲಿಗೆವ್ವ ಒಳಗೆ ಹೋಗಿ ಪೈಪಿನ ಬಾಯಿಯನ್ನು ಎರಡೂ ಕೈಯಲ್ಲಿ ಹಿಡಿದು ಆ ತೂತಿಗೆ ಇಟ್ಟಳು.

"ನಿಲ್ಲಸ್ರಿ! ಯಾರರೆ ನಿಲ್ಲಸ್ರಿ ಆಕಿನ್ನ!" ಎಂದು ಸಾಹೇಬರು ಕೂಗಿದರು.

"ಯಾಕ ನಿಲ್ಲಸ್ತೀರಿ?" ಒಳಗಿನಿಂದಲೇ ಅವಳ ದನಿ ಕೇಳಿಸಿತು. "ನನ್ನ ಮನಿ, ನನ್ನ ಬಚ್ಚಲ! ನೀರು ಹಾಕೂದು ಇಪ್ಪತ್ತು ವರ್ಷದಿಂದ ನನ್ನ ಕೆಲಸ! ಗಟ್ಟಿ ಇದ್ದ ನೆಲಕ್ಕ ನೀರಿನ ಅಂಜಿಕಿ ಯಾಕ್ರಿ?"

ಪೇದೆಗಳು ಒಬ್ಬರ ಮುಖ ಒಬ್ಬರು ನೋಡಿದರು. ಸ್ನಾನದ ಮನೆಯಲ್ಲಿರುವ ಹೆಂಗಸನ್ನು ಎಳೆದು ತರುವುದು ಹೇಗೆಂದು ಅವರಿಗೆ ತಿಳಿಯಲಿಲ್ಲ. ಟ್ಯಾಂಕರು ಗುಡುಗುಡು ಎನ್ನುತ್ತಿತ್ತು. ಕಾಲು ತಾಸು ಹೋಯಿತು. ಆಗ ಮನೆಯ ಹಿಂಬದಿಯ ಮೂಲೆಯಲ್ಲಿ ಪಟ್ ಎಂದು ಒಂದು ಸದ್ದು. ಕಿಟಕಿಯ ಕೆಳಗಿನಿಂದ ಸೂರಿನವರೆಗೆ ಒಂದು ಗೆರೆ ಎದ್ದಿತು. ಆ ಮೂಲೆ ಎಲ್ಲರ ಕಣ್ಣ ಮುಂದೆ ಒಂದು ಗೇಣು ಕೆಳಗಿಳಿಯಿತು.

"ಯವ್ವಾ!" ಎಂದು ಲಚುಮವ್ವ ಕೂಸನ್ನು ಪಕ್ಕದವಳ ಕೈಗೆ ಹಾಕಿ ಓಡಿದಳು. ಅವಳು ಹೊಸ್ತಿಲಿಗೆ ಬರುವಷ್ಟರಲ್ಲಿ ಹುಲಿಗೆವ್ವ ಹೊರಗೆ ಬಂದಿದ್ದಳು. ಮೈಯೆಲ್ಲ ತೊಯ್ದು ತೊಪ್ಪೆ. ಅವಳ ಹಿಂದೆ ಬಾಗಿಲ ಚೌಕಟ್ಟು ಓರೆಯಾಗಿ, ತೋರಣ ಹರಿದು ನೆಲಕ್ಕೆ ಬಿತ್ತು.

ಹುಲಿಗೆವ್ವ ಕೈ ಎತ್ತಿ ಪರದೆಯ ಕಡೆ ತೋರಿಸಿದಳು. ಐದು ಸಾವಿರ ಜನ ಅತ್ತ ತಿರುಗಿದರು.

ಪರದೆ ಹಸಿರಾಗಿಯೇ ಇತ್ತು. ಮನೆ ಕುಸಿದ ಜಾಗದಲ್ಲಂತೂ ಇನ್ನೂ ಗಾಢ ಹಸಿರು. ನೀರು ಇಳಿದಷ್ಟೂ ಕಾಳಿಗೆ ಖುಷಿ. ಗೋಡೆ ಸೀಳಿ ನಿಂತಿದೆ, ನೆಲವಾಣಿ ಎಲ್ಲ ಕ್ಷೇಮ ಎನ್ನುತ್ತಿದೆ. ಮೊದಲು ಯಾರೋ ಒಬ್ಬ ಮುದುಕ ನಕ್ಕ. ಆಮೇಲೆ ಆ ನಗು ಕೂಗಾಯಿತು.

ಯಾರೋ ಪರದೆ ಆರಿಸಲು ಓಡಿದರು. ಪ್ರಾಣೇಶ ಅಡ್ಡ ನಿಂತ. "ಆರಿಸಬ್ಯಾಡ್ರಿ. ಎಲ್ಲಾರೂ ನೋಡ್ಲಿ. ಆ ಕಾಳು ಮಾಡಿದಾವ ನಾನು. ಅದು ಸುಳ್ಳು ಹೇಳ್ಲಿಕತ್ತದ. ಹತ್ತು ದಿನದಿಂದ ನನಗ ಗೊತ್ತದ, ನಾನು ಸುಮ್ನಿದ್ದೆ."

ಬಿರಾದಾರ ಸಾಹೇಬರು ವೇದಿಕೆಯಿಂದ ಇಳಿದು ಬಂದು ಹುಲಿಗೆವ್ವನ ಮುಂದೆ ನಿಂತರು. ಮುಖ ಕೆಂಡವಾಗಿತ್ತು. "ಹೊಳಿ ನೀರು ಕದ್ದು ಸವಳು ನೀರು ಹಾಕಿದಾಕಿ ನೀನು! ಇದಕ್ಕೆಲ್ಲ ಹೊಣಿ ನೀನು! ಹೆಸರು ಬರಕೊಳ್ರಿ ಇಕೀದು!"

"ಬರಕೊಳ್ರಿ," ಎಂದಳು ಹುಲಿಗೆವ್ವ. "ಹುಲಿಗೆವ್ವ, ಗಂಡ ದಿವಂಗತ ಯಮನಪ್ಪ, ತೊಂಡಿಹಾಳ. ಹೌದು, ನೀರು ಬದಲಿ ಮಾಡಿದಾಕಿ ನಾನು. ಅದರ ಕೆಳಗ ಇನ್ನೊಂದು ಸಾಲು ಬರೀರಿ ಸಾಹೇಬ್ರ. ಎರಡು ವರ್ಷ ಬೂದಿಗೆ ಸೀನೀರು ಕುಡಿಸಿದ್ರು, ಮಂದಿಗೆ ಕುಡಿಸಲಿಲ್ಲ ಅಂತ. ಹನ್ನೊಂದು ಅರ್ಜಿ ಕೊಟ್ಟೀವಿ ಅಂತ. ಎರಡೂ ಬರೀರಿ, ಹೆಬ್ಬಟ್ಟು ಅಲ್ಲ, ಸಹಿ ಮಾಡ್ತೀನಿ."

ಅವಳ ಪಕ್ಕದಲ್ಲಿದ್ದ ಹೆಂಗಸು ಖಾಲಿ ಕೊಡವನ್ನು ನೆಲಕ್ಕೆ ಕುಕ್ಕಿ, "ನಂದೂ ಬರಕೊಳ್ರಿ," ಎಂದಳು. ಅವಳ ಪಕ್ಕದವಳೂ ಕುಕ್ಕಿದಳು. ಹನ್ನೆರಡು ಕೊಡಗಳ ಸದ್ದಾದ ಮೇಲೆ ಖಾಸಿಂಸಾಬ, "ಕೊಡ ಇಲ್ರಿ ನನ್ನ ಹತ್ರ. ಆದ್ರೂ ಬರಕೊಳ್ರಿ," ಎಂದ. ಲಚುಮವ್ವ ತಾಯಿಯ ತೊಯ್ದ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಬರೆದುಕೊಳ್ಳಬೇಕಾದ ಗುಮಾಸ್ತ ಪೆನ್ನು ಹಿಡಿದು ಸಾಹೇಬರ ಮುಖ ನೋಡಿದ. ಸಾಹೇಬರು ಓರೆಯಾದ ಮನೆಯನ್ನು ನೋಡುತ್ತಿದ್ದರು.

*

ಹುಲಿಗೆವ್ವನನ್ನು ಕೆಲಸದಿಂದ ತೆಗೆದರು. ವಿಚಾರಣೆ ಶುರುವಾಯಿತು. ಆದರೆ ಕುಸಿದ ಮನೆಯನ್ನು ಐದು ಸಾವಿರ ಜನ ನೋಡಿದ್ದರು, ಅದನ್ನು ಮುಚ್ಚಿಡಲು ಯಾರಿಂದ ಸಾಧ್ಯ? ಬ್ಯಾರೇಜಿನ ಗೇಟಿನ ತಾರೀಖನ್ನು ಒಂದು ವರ್ಷ ಮುಂದೆ ಹಾಕಿದರು. ಉಳಿದ ಮನೆಗಳನ್ನೂ ಕೆಡವಿ, ಹನ್ನೊಂದು ಪದರ ಕೀಳಬೇಕು, ಮತ್ತೆ ಹಾಕಬೇಕು ಎಂದು ಆದೇಶ ಬಂತು. ನೀರಿನ ಗ್ಯಾಂಗಿಗೆ ಕೆಲಸಕ್ಕೆ ಬನ್ನಿ ಎಂದು ಕರೆ ಬಂತು.

ಗ್ಯಾಂಗು ಹೋಗಲಿಲ್ಲ. ಕಾಲೊನಿಯ ಬಾಗಿಲಿಗೆ ಖಾಲಿ ಕೊಡ ಸಾಲಾಗಿ ಇಟ್ಟು ಕೂತುಬಿಟ್ಟಿತು. ಮಂದಿಗೆ ಹೊಳೆ ನೀರಿನ ನಳ ಬರುವವರೆಗೆ ಬೂದಿಗೆ ಒಂದು ಹನಿ ನೀರಿಲ್ಲ, ಮೇಸ್ತ್ರಿ ಇಲ್ಲದೆ ಗ್ಯಾಂಗೂ ಇಲ್ಲ. ಬೇರೆ ಊರಿನಿಂದ ಜನ ತರಿಸಿದರು. ಬಂದವರು ಬೋರಿನ ನೀರು ಒಂದು ಗುಟುಕು ಕುಡಿದು ನೋಡಿ, ತಾವೂ ಕೊಡ ತಂದು ಅದೇ ಸಾಲಿನಲ್ಲಿ ಕೂತರು. ಬಿಸಿಲಿಗೆ ಬೂದಿ ಒಣಗಿ ಹಾರತೊಡಗಿತು. ಹಾರಿ ಹಾರಿ ಆಫೀಸಿನವರ ಊಟದ ಡಬ್ಬಿಯಲ್ಲೂ ಕೂತಿತು. ಹನ್ನೊಂದನೆಯ ದಿನ ಕಾಲೊನಿಗೆ ಪೈಪು ಬಂತು, ಹುಲಿಗೆವ್ವನಿಗೆ ಕೆಲಸದ ಕಾಗದವೂ ಬಂತು.

ಪ್ರಾಣೇಶ ಕಾಳನ್ನು ತಿದ್ದಿದ. ಈಗ ಅದು ಉಪ್ಪನ್ನೂ ಗುರುತಿಸುತ್ತದೆ ಎಂದ. ಹುಲಿಗೆವ್ವ ಹೂಂ ಎಂದಳು. ಆದರೂ ಪ್ರತಿ ಟ್ಯಾಂಕರು ಬಂದಾಗ ನಳದ ಬಾಯಿಗೆ ಬೊಗಸೆಯೊಡ್ಡಿ ಒಂದು ಗುಟುಕು ಕುಡಿದು, "ಹೊಡೀರಿ," ಎನ್ನುವವರೆಗೆ ಯಾರೂ ಕೈ ಅಲುಗಿಸುತ್ತಿರಲಿಲ್ಲ. ಅವಳು ಸಹಿ ಮಾಡದ ಪದರದ ಮೇಲೆ ಇನ್ನೊಂದು ಪದರ ಹಾಕಬಾರದೆಂದು ಪ್ರಾಣೇಶನೇ ಬರೆದು ಹಾಕಿಸಿದ್ದ.

ಮಳೆಗಾಲ ತಗಡಿನೊಳಗೇ ಕಳೆಯಿತು. ಸೂರು ಸೋರಿತು. ಕೂಸು ಅಂಬೆಗಾಲಿಕ್ಕಿತು, ಎದ್ದು ನಿಂತಿತು. ಮುಂದಿನ ಬೇಸಿಗೆಗೆ ಇಪ್ಪತ್ತೊಂದನೆಯ ಪದರ ಮುಗಿಯಿತು. ಒಂಬತ್ತನೆಯ ಸುತ್ತಿಗೆ ಪರದೆ ಹಸಿರಾಯಿತು, ರೋಲರು ನಿಂತಿತು. ಖಾಸಿಂಸಾಬ ಯಂತ್ರದ ಮಾತು ಕೇಳದೆ ಅದನ್ನು ಮತ್ತೆ ಚಾಲೂ ಮಾಡಿ ಹತ್ತನೆಯದನ್ನೂ ಓಡಿಸಿ ಇಳಿದ.

ಬಿರಾದಾರ ಸಾಹೇಬರೂ ಬಂದಿದ್ದರು. ಯಾರೂ ಪರದೆ ನೋಡುತ್ತಿರಲಿಲ್ಲ. ಹುಲಿಗೆವ್ವ ಹಾರೆ ತಂದಳು. ಕಾನೂನು ಇನ್ನೂ ಹಾಗೇ ಇತ್ತು. ಹಸಿರು ಬಿದ್ದ ನೆಲಕ್ಕೆ ಹಾರೆ ಹಾಕಿದರೆ ಜೈಲು. ಅವಳು ಸಾಹೇಬರ ಕಣ್ಣನ್ನೇ ನೋಡುತ್ತಾ ಹಾರೆಯನ್ನು ತಲೆಯೆತ್ತರಕ್ಕೆ ಎತ್ತಿ ಬಿಟ್ಟಳು.

ಠಣ್ ಎಂದಿತು. ಹಾರೆ ಪುಟಿದು ಅವಳ ಕೈಗೇ ವಾಪಸು ಬಂತು.

"ಈಗ ಕಟ್ರಿ," ಎಂದಳು ಹುಲಿಗೆವ್ವ.